ಸರ್ಬರ ಹಕ್ಕಿಗೆ ತಲೆ ಎಣಿಕೆಯೇ ಅಳತೆಯೇ?

ಮಾನ್ಯ ಸಂಪಾದಕರೇ,

ಕ್ರೊಯೇಷಿಯಾದ 151 ಸದಸ್ಯರ ಸಂಸತ್ತಿನಲ್ಲಿ ಸರ್ಬ್ ಅಲ್ಪಸಂಖ್ಯಾತರಿಗೆ 3 ಮೀಸಲು ಸ್ಥಾನಗಳಿವೆ. 2002ರ ಕಾನೂನಿನಡಿ ಸ್ಥಳೀಯವಾಗಿ ಅಲ್ಪಸಂಖ್ಯಾತರ ಮಂಡಳಿಗಳೂ ಇವೆ. ಅವುಗಳ ಕೆಲಸ ಬಹುಪಾಲು ಸಲಹೆ ಕೊಡುವುದಷ್ಟೇ; ಇದನ್ನು ಸ್ವಯಮಾಡಳಿತ ಎನ್ನಲು ನನಗಂತೂ ಮನಸ್ಸು ಬಾರದು.

ವುಕೊವಾರ್ ಪಟ್ಟಣವನ್ನೇ ನೋಡಿ. ಭಾಷೆ, ಲಿಪಿಗೆ ಸಮಾನ ಅಧಿಕೃತ ಸ್ಥಾನ ಸಿಗಲು ಸಮುದಾಯ ಊರಿನ ಜನಸಂಖ್ಯೆಯ ಮೂರನೇ ಒಂದು ಪಾಲಾದರೂ ಇರಬೇಕು. 2011ರ ಗಣತಿಯಲ್ಲಿ ಸರ್ಬರು ಆ ಗೆರೆ ದಾಟಿದ್ದರು. 2013ರಲ್ಲಿ ಸರ್ಕಾರಿ ಕಟ್ಟಡಗಳ ಮೇಲೆ ಸರ್ಬರ ಲಿಪಿಯಾದ ಸಿರಿಲಿಕ್‌ನಲ್ಲೂ ಫಲಕ ಹಾಕಿದರೆ, ಪ್ರತಿಭಟನಕಾರರು ಸುತ್ತಿಗೆ ಹಿಡಿದು ಒಡೆದರು! 2021ರ ಗಣತಿಯಲ್ಲಿ ಸರ್ಬರ ಪ್ರಮಾಣ ಶೇ 30ಕ್ಕಿಂತ ಕೆಳಗಿಳಿಯಿತು. 1991ರಲ್ಲಿ ಯುಗೊಸ್ಲಾವ್ ಸೇನೆ ಮತ್ತು ಸರ್ಬ್ ಪಡೆಗಳು ಪಟ್ಟಣಕ್ಕೆ ಹಾಕಿದ ಮುತ್ತಿಗೆಯ ಗಾಯ ಅಲ್ಲಿನವರಿಗೆ ಇನ್ನೂ ಹಸಿಯಾಗಿದೆ, ಒಪ್ಪೋಣ. ಆದರೂ ಒಮ್ಮೆ ಕೊಟ್ಟ ಭಾಷಾ ಹಕ್ಕನ್ನು ಹತ್ತು ವರ್ಷಕ್ಕೊಮ್ಮೆ ಗಣತಿಯ ತಕ್ಕಡಿಗೆ ಹಾಕುವುದನ್ನು ಅಲ್ಲಿನ ಸಂಸತ್ತು ನಿಲ್ಲಿಸಬೇಕು.

– ಓರ್ವ ಓದುಗ, ಧಾರವಾಡ