ಗಂಟು ಕಂಡ ಮಾತ್ರಕ್ಕೆ ಆಪರೇಷನ್ ಬೇಡ

ಕಲಬುರಗಿ

ಚಿ. ಮಲ್ಲಿಕಾರ್ಜುನನಿಗೆ ಕಾಕಾನ ಆಶೀರ್ವಾದಗಳು.

ನಿನ್ನೆ ನಿಮ್ಮವ್ವ ಯಾದಗಿರಿಯಿಂದ ಫೋನ್ ಮಾಡಿದ್ದರು. ಸಿಟಿ ಸ್ಕ್ಯಾನ್‌ನಲ್ಲಿ ಎಡಗಡೆ ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ ಗಂಟು ಕಂಡಿದೆಯಂತೆ. ಇದೇ ತಿಂಗಳು ತೆಗೆಸಿಬಿಡುತ್ತೇನೆ ಅಂತ ನೀನು ಹಟ ಹಿಡಿದಿದ್ದೀಯಂತೆ. ಸ್ವಲ್ಪ ತಡಿ ತಮ್ಮಾ.

ನನ್ನ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. ದಿನಕ್ಕೆ ಮೂರು ಥರದ ಮಾತ್ರೆ ನುಂಗಿದರೂ ಬಿಪಿ ಇಳಿಯುತ್ತಿರಲಿಲ್ಲ. ಅಪ್ಪನ ಕೆರೆ ಸುತ್ತಲು ಹೋದರೆ ಅರ್ಧಕ್ಕೇ ಕಾಲು ಸೋತು ಕೂತುಬಿಡುತ್ತಿದ್ದೆ. ಉಪ್ಪಿನಕಾಯಿ ಬಿಡಿ, ಟೆನ್ಷನ್ ಬಿಡಿ ಅಂತ ವರ್ಷಗಟ್ಟಲೆ ಹೇಳಿ ಕಳಿಸಿದರು. ಕೊನೆಗೊಬ್ಬರು ಡಾಕ್ಟರು ರಕ್ತದಲ್ಲಿ ಪೊಟ್ಯಾಶಿಯಂ ನೋಡಿಸಿದರು, 2.8 ಇತ್ತು, ತೀರಾ ಕಡಿಮೆ. ಆಮೇಲೆ ಬಿಪಿಗೆ ಸಂಬಂಧಪಟ್ಟ ರೆನಿನ್, ಆಲ್ಡೋಸ್ಟೆರೋನ್ ರಕ್ತಪರೀಕ್ಷೆ ಆಯಿತು. ಈ ಆಲ್ಡೋಸ್ಟೆರೋನ್ ಅಡ್ರಿನಲ್ ಗ್ರಂಥಿಯಿಂದ ಬರುವ ಹಾರ್ಮೋನ್. ಅದು ಜಾಸ್ತಿಯಾದರೆ ಉಪ್ಪು ಮೈಯಲ್ಲೇ ಉಳಿದು ಬಿಪಿ ಏರುತ್ತದೆ, ಪೊಟ್ಯಾಶಿಯಂ ಮೂತ್ರದಲ್ಲಿ ಹೋಗಿಬಿಡುತ್ತದೆ.

ಆಗ ನನಗೂ ಎಡಗಡೆಯೇ ಗಂಟು ಕಂಡಿತ್ತು. ನಾನೂ ನಿನ್ನ ಹಾಗೆ ಆಪರೇಷನ್‌ಗೆ ಸಿದ್ಧನಾಗಿದ್ದೆ. ಹೈದರಾಬಾದಿನ ಡಾಕ್ಟರು ತಡೆದರು. ಸ್ಕ್ಯಾನ್ ಗಂಟನ್ನು ತೋರಿಸುತ್ತದೆ, ಹಾರ್ಮೋನ್ ಎಲ್ಲಿಂದ ಬರುತ್ತಿದೆ ಅಂತ ಹೇಳುವುದಿಲ್ಲ ಅಂದರು. ವಯಸ್ಸಾದ ಹಾಗೆ ಸುಮ್ನೆ ಕೂತಿರುವ ಗಂಟುಗಳೂ ಇರುತ್ತವೆ. ಎರಡೂ ಗ್ರಂಥಿಗಳ ರಕ್ತನಾಳದಿಂದ ಬೇರೆ ಬೇರೆ ರಕ್ತ ತೆಗೆದು ನೋಡಿದರೆ, ನನಗೆ ಆಲ್ಡೋಸ್ಟೆರೋನ್ ಎರಡೂ ಕಡೆಯಿಂದ ಹೆಚ್ಚೂಕಡಿಮೆ ಸಮ ಬರುತ್ತಿತ್ತು! ಆಪರೇಷನ್ ಆಗಿದ್ದರೆ ಒಂದು ಗ್ರಂಥಿಯೂ ಹೋಗುತ್ತಿತ್ತು, ಬಿಪಿಯೂ ಉಳಿಯುತ್ತಿತ್ತು.

ಆ ಪರೀಕ್ಷೆಗೆ ಹೆದರಬೇಡ. ತೊಡೆಸಂದಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ತೆಳ್ಳನೆಯ ನಳಿಕೆ ಬಿಡುತ್ತಾರೆ. ನಾನು ಎಚ್ಚರವಾಗಿಯೇ ಇದ್ದೆ. ಎಡಗಡೆಯದು ಬೇಗ ಸಿಕ್ಕಿತು. ಬಲಗಡೆಯ ರಕ್ತನಾಳ ಸಣ್ಣದು, ಗಿಡ್ಡ. ಡಾಕ್ಟರು ಪರದೆ ನೋಡುತ್ತಾ ಅಲ್ಲೇ ಬಹಳ ಹೊತ್ತು ಹುಡುಕಿದರು. ರಕ್ತ ಸರಿಯಾದ ಜಾಗದಿಂದಲೇ ಬಂದಿದೆಯಾ ಅಂತ ಅದೇ ಗ್ರಂಥಿಯ ಇನ್ನೊಂದು ಹಾರ್ಮೋನ್ ಕಾರ್ಟಿಸಾಲ್ ಅಳೆದು ಖಚಿತ ಮಾಡಿಕೊಳ್ಳುತ್ತಾರೆ. ಕೈ ಪಳಗಿದವರು ಬೇಕಾದ ಕೆಲಸ ಇದು. ಅದಕ್ಕೇ ಮೊದಲು, 'ಬಲಗಡೆಯದು ನಿಮಗೆ ಎಷ್ಟು ಜನರಲ್ಲಿ ಸಿಕ್ಕಿದೆ ಸರ್?' ಅಂತ ಕೇಳು. ಕೇಳೋದರಲ್ಲಿ ನಾಚಿಕೆ ಏನಿದೆ?

35ರೊಳಗಿನ ಕೆಲವರಿಗೆ, ಪೊಟ್ಯಾಶಿಯಂ ಇಳಿದು ಒಂದೇ ಕಡೆ ಸ್ಪಷ್ಟ ಗಂಟಿದ್ದರೆ, ಈ ಪರೀಕ್ಷೆ ಬಿಡುವುದುಂಟು. ನಿನಗೆ 46 ಅಲ್ವಾ?

ಆಲ್ಡೋಸ್ಟೆರೋನ್ ಕೆಲಸ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತಗೋತಿದ್ದರೆ ಸಾಮಾನ್ಯವಾಗಿ ಪರೀಕ್ಷೆಗೆ 4ರಿಂದ 6 ವಾರ ಮೊದಲೇ ನಿಲ್ಲಿಸಿ ಬೇರೆ ಮಾತ್ರೆ ಕೊಡುತ್ತಾರೆ. ನೀನಾಗೇ ಮಾತ್ರ ನಿಲ್ಲಿಸಬೇಡ. ಪೊಟ್ಯಾಶಿಯಂ ಕೂಡ ಮೊದಲು ಸರಿಯಾಗಬೇಕು.

ಒಂದೇ ಕಡೆಯದು ಅಂತ ಬಂದರೆ ಧೈರ್ಯವಾಗಿ ತೆಗೆಸು, ನಾನೇ ಆಸ್ಪತ್ರೆಯಲ್ಲಿ ಕೂತಿರುತ್ತೇನೆ. ಕೆಲವರಿಗೆ ಆಮೇಲೆ ಬಿಪಿ ಮಾತ್ರೆಯೇ ಬೇಕಾಗುವುದಿಲ್ಲ. ಎರಡೂ ಕಡೆಯದಾದರೆ ನನ್ನ ಹಾಗೆ ಮಾತ್ರೆ. ಈಗ ಕೆರೆ ಪೂರ್ತಿ ಸುತ್ತುತ್ತೇನೆ.

ಸೋಮವಾರದ ರೈಲಿಗೆ ಬಾ. ರಿಪೋರ್ಟ್ ಅಷ್ಟೇ ಅಲ್ಲ, ಸ್ಕ್ಯಾನಿನ ಸಿಡಿಯನ್ನೂ ತಾ. ಹೈದರಾಬಾದಿಗೆ ಇಬ್ಬರೂ ಕೂಡಿ ಹೋಗೋಣ.

ನಿನ್ನ ಕಾಕಾ