ಎಂಬತ್ತೆರಡರಲ್ಲಿ ಸಿಕ್ಕ ದೀಕ್ಷೆ

ಮಾನ್ಯ ಸಂಪಾದಕರೇ,

ಧರ್ಮಬೋಧನೆಗಿಳಿದ ಮಹಿಳೆಯರ ಬಗ್ಗೆ ಬರೆಯುವವರು ದೀಕ್ಷೆಯ ವರ್ಷದಿಂದಲೇ ಕಥೆ ಶುರುಮಾಡುತ್ತಾರೆ. ಮಕ್ಕಳ ಧರ್ಮಶಿಕ್ಷಣದಲ್ಲಿ ದುಡಿದ ಅಮೆರಿಕದ ಸೋಫಿಯಾ ಲಯನ್ ಫಾಸ್ ಅವರ ವಿಷಯದಲ್ಲಿ ಈ ಲೆಕ್ಕ ತಲೆಕೆಳಗು. ತ್ರಿಮೂರ್ತಿ ತತ್ವ ಒಪ್ಪದೆ ದೇವರು ಒಬ್ಬನೇ ಎನ್ನುತ್ತ ಕ್ರೈಸ್ತರಲ್ಲಿ ಬೆಳೆದ ಯೂನಿಟೇರಿಯನ್ ಎಂಬ ಉದಾರ ಪಂಥದ ಪಾದ್ರಿಯಾಗಿ ಅವರಿಗೆ ದೀಕ್ಷೆ ಸಿಕ್ಕಿದ್ದು 1959ರಲ್ಲಿ. ಆಗ ಅವರಿಗೆ 82 ವರ್ಷ! ಮಾಡಬೇಕಾದ ಕೆಲಸವನ್ನೆಲ್ಲ ಅಷ್ಟರಲ್ಲಿ ಮಾಡಿ ಮುಗಿಸಿದ್ದರು.

1876ರಲ್ಲಿ ಚೀನಾದಲ್ಲಿ, ಪ್ರೆಸ್‌ಬಿಟೇರಿಯನ್ ಎಂಬ ಪ್ರೊಟೆಸ್ಟೆಂಟ್ ಪಂಗಡದ ಮಿಷನರಿ ದಂಪತಿಯ ಮಗಳಾಗಿ ಹುಟ್ಟಿದವರು ಅವರು. ಐದು ಮಕ್ಕಳನ್ನು ಹೆತ್ತು, ಇಬ್ಬರನ್ನು ಕಳೆದುಕೊಂಡರು. ಐವತ್ತರ ಹೊಸ್ತಿಲಲ್ಲಿ, 1926ರಲ್ಲಿ, ನ್ಯೂಯಾರ್ಕಿನ ಕ್ರೈಸ್ತ ಧರ್ಮಶಾಸ್ತ್ರ ವಿದ್ಯಾಲಯವಾದ ಯೂನಿಯನ್ ಥಿಯಾಲಾಜಿಕಲ್ ಸೆಮಿನರಿಯ ಪದವಿ ಪಡೆದು ಅಲ್ಲೇ ಪಾಠ ಹೇಳಿದರು. 1937ರಿಂದ ಯೂನಿಟೇರಿಯನ್ನರ ಮಕ್ಕಳ ಪಠ್ಯಗಳ ಸಂಪಾದಕಿ.

ನನ್ನ ಮಟ್ಟಿಗೆ ಆ ಪಠ್ಯಗಳೇ ಅವರ ನಿಜವಾದ ಬೋಧಪೀಠ. ಪುಟ್ಟ ಮಕ್ಕಳಿಗೆ ಬೈಬಲ್ ವಚನ ಬಾಯಿಪಾಠ ಮಾಡಿಸುವ ಆತುರ ಅವರಿಗಿರಲಿಲ್ಲ. ನೆರಳು ಯಾಕೆ ಹಿಂದೆಯೇ ಬರುತ್ತದೆ, ಸತ್ತ ಹಕ್ಕಿ ಯಾಕೆ ಏಳುವುದಿಲ್ಲ ಎಂಬಂಥ ಮಗುವಿನ ಪ್ರಶ್ನೆಯೇ ಧರ್ಮದ ಮೊದಲ ಪಾಠವೆಂದು ನಂಬಿದ್ದರು. ಸೃಷ್ಟಿಯ ಕಥೆ ಹೇಳುವಾಗ ಬೈಬಲಿನ ಪಕ್ಕದಲ್ಲೇ ಬೇರೆ ಜನಾಂಗಗಳ ಪುರಾಣಗಳನ್ನೂ ವಿಜ್ಞಾನದ ವಿವರಣೆಯನ್ನೂ ಇಟ್ಟರು. ಉತ್ತರ ಸಿದ್ಧವಿಟ್ಟುಕೊಂಡ ದೊಡ್ಡವರಿಗೆ ಇದು ಕಿರಿಕಿರಿಯೇ, ಬಿಡಿ.

ದೀಕ್ಷೆಯ ನಂತರವೂ ಸುಮಾರು ಎರಡು ದಶಕ ಬಾಳಿ, 1978ರಲ್ಲಿ ತಮ್ಮ 101ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಂಥವರ ಬಗ್ಗೆ ಪತ್ರಿಕೆಯಲ್ಲಿ ಒಂದು ಪೂರ್ಣ ಲೇಖನ ಬರಲಿ ಎಂದು ಕೋರುತ್ತೇನೆ.

– ಒಬ್ಬ ಓದುಗ