ಚಪ್ಪಾಳೆ ಅಂಟಿಸಿದ ಆಲ್ಬಮ್ ಅಲ್ಲ ಇದು

ಮಾನ್ಯರೇ,

ಲೈವ್ ಆಲ್ಬಮ್ ಎಂದರೆ ಸ್ಟುಡಿಯೋ ಹಾಡಿಗೆ ಚಪ್ಪಾಳೆ ಅಂಟಿಸಿದ್ದು ಎಂಬ ಮಾತು ನಿಮ್ಮ ಭಾನುವಾರದ ಪುರವಣಿಯಲ್ಲಿತ್ತು. ಎಷ್ಟೋ ಆಲ್ಬಮ್‌ಗಳ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಐರ್ಲೆಂಡಿನ ಬ್ಲೂಸ್-ರಾಕ್ ಗಿಟಾರ್ ವಾದಕ ರೋರಿ ಗ್ಯಾಲಹರ್ ಅವರ ‘ಐರಿಷ್ ಟೂರ್ ’74’ ಕೇಳಿದವರು ಆ ಮಾತನ್ನು ಒಪ್ಪಲಾರರು.

ಉತ್ತರ ಐರ್ಲೆಂಡಿನ ಗಲಭೆಯ ದಿನಗಳು; ಬಾಂಬಿನ ಭಯಕ್ಕೆ ಹೊರಗಿನ ತಂಡಗಳು ಅಲ್ಲಿನ ಬೆಲ್‌ಫಾಸ್ಟ್ ನಗರದ ಕಡೆ ತಲೆಹಾಕದಿದ್ದ ಕಾಲವದು. ರೋರಿ ಅಲ್ಲಿಯೂ ನುಡಿಸಿದರು, ಡಬ್ಲಿನ್ನಿನಲ್ಲೂ, ತಾವು ಬೆಳೆದ ಕಾರ್ಕ್ ಊರಿನಲ್ಲೂ. ಧ್ವನಿಮುದ್ರಣಕ್ಕೆ ಬಂದದ್ದು ಇಂಗ್ಲಿಷ್ ರಾಕ್ ಸಂಗೀತಗಾರ ರೋನಿ ಲೇನ್ ಅವರ ಸಂಚಾರಿ ಸ್ಟುಡಿಯೋ. ವೇದಿಕೆಯ ಮೇಲೆ ಇದ್ದವರು ನಾಲ್ಕೇ ಜನ: ರೋರಿ, ಬಾಸ್‌ಗೆ ಗೆರಿ ಮೆಕ್‌ಅವೊಯ್, ಕೀಬೋರ್ಡ್‌ಗೆ ಲೂ ಮಾರ್ಟಿನ್, ಡ್ರಮ್ಸ್‌ಗೆ ರಾಡ್ ಡಿ’ಯಾತ್.

ಆ ಗಿಟಾರ್ ನಾದದ ಗುಟ್ಟು ಕಾಲಲ್ಲಿ ಒತ್ತಿ ನಾದ ಬದಲಿಸುವ ದುಬಾರಿ ಪೆಡಲ್‌ಗಳ ಸಾಲಿನಲ್ಲಿಲ್ಲ. ಬೆವರಿಗೆ ಬಣ್ಣ ಕಿತ್ತುಹೋದ 1961ರ ಫೆಂಡರ್ ಸ್ಟ್ರಾಟೊಕಾಸ್ಟರ್, 30 ವ್ಯಾಟ್‌ನ ವಾಕ್ಸ್ ಎಸಿ30 ಆಂಪ್ (ನಾದವನ್ನು ಹಿಗ್ಗಿಸುವ ಯಂತ್ರ), ನಡುವೆ ಡಲಾಸ್ ರೇಂಜ್‌ಮಾಸ್ಟರ್ ಎಂಬ ಪುಟ್ಟ ಡಬ್ಬಿ. 1970ರ ದಶಕದ ಆರಂಭದಲ್ಲಿ ಅವರು ಮುಖ್ಯವಾಗಿ ನೆಚ್ಚಿಕೊಂಡದ್ದು ಇವನ್ನೇ. ಡಬ್ಬಿಯೊಳಗೆ ಇರುವುದು ಒಂದೇ ಒಂದು ಜರ್ಮೇನಿಯಂ ಟ್ರಾನ್ಸಿಸ್ಟರ್. ಅದು ಮೇಲಿನ ಸ್ವರಗಳನ್ನು ಎತ್ತಿಕೊಟ್ಟು ಆಂಪ್‌ನ ವಾಲ್ವ್‌ಗಳನ್ನು (ಹಳೆಯ ರೇಡಿಯೋದಲ್ಲಿದ್ದಂಥ ಗಾಜಿನ ಕೊಳವೆಗಳನ್ನು) ಕೆಣಕುತ್ತದೆ. ನಾದ ಒರಟಾಗುವುದು ಮುಖ್ಯವಾಗಿ ಆ ವಾಲ್ವ್‌ಗಳಲ್ಲಿ. ಗಿಟಾರ್‌ನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ಸಾಕು, ಅದೇ ನಾದ ತಿಳಿಯಾಗುತ್ತದೆ.

ಇದನ್ನು ಅನುಕರಿಸಲು ಹೊರಡುವ ಹುಡುಗರು ಎಡವುವುದು ಇಲ್ಲಿಯೇ. ಡಬ್ಬಿ ಗಿಟಾರ್‌ಗೆ ನೇರವಾಗಿ ತಗುಲಿಕೊಂಡಿರಬೇಕು. ಮೊದಲು ಶ್ರುತಿ ನೋಡುವ ಟ್ಯೂನರ್ ಪೆಡಲ್, ಆಮೇಲೆ ಇದು ಎಂದು ಜೋಡಿಸಿದರೆ, ಟ್ಯೂನರ್‌ನೊಳಗಿನ ಬಫರ್‌ (ಸಂಕೇತವನ್ನು ಬಲಪಡಿಸಿ ದಾಟಿಸುವ ಮಂಡಲ) ಗಿಟಾರ್‌ಗೂ ಡಬ್ಬಿಗೂ ನಡುವೆ ಬಂದು ನಾದ ಕಿವಿಗೆ ಚುಚ್ಚುತ್ತದೆ. ಹಳೆಯ ಮಾದರಿಯಲ್ಲಿ ಬ್ಯಾಟರಿಯ ಧನಾಗ್ರ (+) ಮಂಡಲದ ಗ್ರೌಂಡ್ ತಂತಿಗೆ ಸೇರಿರುತ್ತದೆ, ಸಾಮಾನ್ಯ ಪೆಡಲ್‌ಗಳಲ್ಲಿ ಋಣಾಗ್ರ (−). ಉಳಿದ ಪೆಡಲ್‌ಗಳ ಅಡಾಪ್ಟರ್‌ಗೇ ಸಿಕ್ಕಿಸಿದರೆ ಶಾರ್ಟ್ ಆಗುತ್ತದೆ. ಪ್ರತ್ಯೇಕ 9 ವೋಲ್ಟ್ ಬ್ಯಾಟರಿ ಹಾಕುವುದೇ ಕ್ಷೇಮ. ಬಿಸಿಲು ಬಿದ್ದರೆ ಜರ್ಮೇನಿಯಂ ಟ್ರಾನ್ಸಿಸ್ಟರ್‌ನಲ್ಲಿ ವಿದ್ಯುತ್ ಸೋರಲಾರಂಭಿಸಿ ನಾದ ಕುಂಟುತ್ತದೆ. ರಾಯಚೂರಿನ ಏಪ್ರಿಲ್‌ನಲ್ಲಿ ಬಯಲು ವೇದಿಕೆಗೆ ಇದನ್ನು ಒಯ್ಯುವವರು ಡಬ್ಬಿಯನ್ನು ನೆರಳಲ್ಲಿಡಲಿ, ಆಂಪ್‌ನ ಬೆನ್ನಿಗಂತೂ ಇಡದಿರಲಿ.

ಹೊಸದಾಗಿ ಕೇಳುವವರು ‘ಎ ಮಿಲಿಯನ್ ಮೈಲ್ಸ್ ಅವೇ’ಯಿಂದ ಶುರುಮಾಡಬಹುದು. ಪಿಸುಮಾತಿನಷ್ಟಕ್ಕೆ ಇಳಿದು ಮತ್ತೆ ಉಕ್ಕುವುದನ್ನು ಮೊಬೈಲ್ ಸ್ಪೀಕರ್ ನುಂಗಿಬಿಡುತ್ತದೆ, ಹೆಡ್‌ಫೋನ್ ಬೇಕು. ‘ಆ್ಯಸ್ ದಿ ಕ್ರೋ ಫ್ಲೈಸ್’ನಲ್ಲಿ ಡ್ರಮ್ಸ್ ಇಲ್ಲ, ಬಾಸ್ ಇಲ್ಲ, ಲೋಹದ ರೆಸೊನೇಟರ್ ಗಿಟಾರ್ (ಒಳಗಿನ ಲೋಹದ ತಟ್ಟೆಯಿಂದ ನಾದ ಹಿಗ್ಗಿಸುವಂಥದ್ದು) ಮತ್ತು ಮೌತ್ ಆರ್ಗನ್ ಅಷ್ಟೇ. ‘ವಾಕ್ ಆನ್ ಹಾಟ್ ಕೋಲ್ಸ್’ ಹತ್ತು ನಿಮಿಷ ದಾಟುತ್ತದೆ, ಮೊದಲ ಸಲಕ್ಕೇ ಬೇಡ.

ಮೂರೂ ಊರಿನ ಕಛೇರಿಗಳು 2014ರ ಪೆಟ್ಟಿಗೆ ಆವೃತ್ತಿಯಲ್ಲಿವೆ. ಒಂದೇ ಹಾಡನ್ನು ಬೆಲ್‌ಫಾಸ್ಟಿನಲ್ಲೂ ಕಾರ್ಕಿನಲ್ಲೂ ಹೇಗೆ ನುಡಿಸಿದ್ದಾರೆಂದು ನಿಮ್ಮ ಪುರವಣಿಯ ಲೇಖಕರು ಒಮ್ಮೆ ಪಕ್ಕಪಕ್ಕ ಇಟ್ಟು ಕೇಳಲಿ.

— ಓದುಗ, ಮೈಸೂರು